ಕೈ ಎತ್ತಿಸಿದರೆ ಸಿಗೋದು ಡೇಟಾ ಅಲ್ಲ

"ಡೇಟಾ ಅಂದ್ರೆ ಏನು ಗೊತ್ತಾ?" ಅಂತ ಕೇಳಿದೆವು. ಐದನೇ ಕ್ಲಾಸಿನ ಮಕ್ಕಳೆಲ್ಲ ಒಂದೇ ಸಲ ಕೂಗಿದರು, "ಗೊತ್ತು ಸರ್!" ನಮಗೋ ಖುಷಿ. ಮೊದಲ ಸಾಲಿನ ಹುಡುಗ ಎದ್ದು ನಿಂತು ಹೇಳಿದ, "ದಿನಕ್ಕೆ ಒಂದೂವರೆ ಜಿಬಿ ಬರುತ್ತೆ ಸರ್. ನಮ್ಮಪ್ಪಂದು ಮಧ್ಯಾಹ್ನಕ್ಕೇ ಖಾಲಿ."

ನಕ್ಕೆವು, ಆದರೆ ತಪ್ಪು ಅವನದಲ್ಲ. ಪಠ್ಯಪುಸ್ತಕದಲ್ಲಿ ಇದಕ್ಕೆ 'ದತ್ತಾಂಶ' ಅನ್ನೋ ಪದ ಇದೆ. ಅದು ನಮಗೇ ಗೊತ್ತಿರಲಿಲ್ಲ. ನಮ್ಮಲ್ಲಿ ಹೆಚ್ಚಿನವರು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕ್ಲಾಸ್ ಟೀಚರ್ ಬೋರ್ಡ್ ಮೇಲೆ 'ದತ್ತಾಂಶಗಳ ನಿರ್ವಹಣೆ' ಅಂತ ಬರೆದಾಗ ಮಕ್ಕಳ ಜೊತೆ ನಾವೂ ಅಕ್ಷರ ಕೂಡಿಸಿ ಓದಿಕೊಂಡೆವು.

ಈ ಸೆಮಿಸ್ಟರ್‌ನಲ್ಲಿ ನಮ್ಮ ಕನ್ನಡ ಸಂಘದಿಂದ ಆರು ಶನಿವಾರ ದಾವಣಗೆರೆ ಪಕ್ಕದ ಒಂದು ಹಳ್ಳಿಯ ಸರ್ಕಾರಿ ಶಾಲೆಗೆ ಹೋಗಿದ್ದೆವು. ಫೋಟೋ ಹಾಕಿದ ವರದಿಯನ್ನು ಆಗಲೇ ಕೊಟ್ಟಾಗಿದೆ, ಅದರಲ್ಲಿ ಎಲ್ಲಾ ಚೆನ್ನಾಗಿಯೇ ನಡೆದಿದೆ. ಇಲ್ಲಿ ಬರೆಯುತ್ತಿರೋದು ವರದಿಯಲ್ಲಿ ಇಲ್ಲದ್ದು. ಚಿಕ್ಕ ಮಕ್ಕಳಿಗೆ ಡೇಟಾ ಹೇಳಿಕೊಡೋದು ಅಂದರೆ ಗ್ರಾಫ್ ಹಾಕೋದನ್ನು ಹೇಳಿಕೊಡೋದು ಅಂತ ನಾವು ತಿಳಿದುಕೊಂಡಿದ್ದೆವು. ಅದು ತಪ್ಪು ಅಂತ ಈಗ ಅನ್ನಿಸುತ್ತಿದೆ. ಯಾಕೆ ಅಂತ ಹೇಳುತ್ತೇವೆ, ನೀವು ಒಪ್ಪಬೇಕು ಅಂತೇನಿಲ್ಲ.

ಮೊದಲ ಶನಿವಾರ ನಾವು ವರ್ಕ್‌ಶೀಟ್ ಪ್ರಿಂಟ್ ತೆಗೆಸಿಕೊಂಡು ಹೋಗಿದ್ದೆವು. ಕಲರ್ ಪ್ರಿಂಟ್, ಎಲ್ಲರೂ ದುಡ್ಡು ಹಾಕಿ. 'ನಿನ್ನ ಇಷ್ಟದ ಹಣ್ಣು ಯಾವುದು?' ಅಂತ ಮೇಲೆ, ಕೆಳಗೆ ಸೇಬು, ಮಾವು, ದ್ರಾಕ್ಷಿ, ಸ್ಟ್ರಾಬೆರಿ ಚಿತ್ರ. ಮಕ್ಕಳು ಕೇಳಿ ಕೇಳಿ ಗೀಟು ಹಾಕಬೇಕು, ಎಣಿಸಬೇಕು, ಚೌಕಕ್ಕೆ ಬಣ್ಣ ತುಂಬಬೇಕು. ಹತ್ತು ನಿಮಿಷದಲ್ಲಿ ಎಲ್ಲರದೂ ಮುಗಿಯಿತು. ಒಬ್ಬ ಮಾಡಿದ್ದನ್ನು ಉಳಿದವರು ನೋಡಿ ಬರೆದಿದ್ದರು. "ಈ ಗ್ರಾಫಿನಿಂದ ಏನು ಗೊತ್ತಾಯ್ತು?" ಅಂದರೆ "ಸೇಬು ಜಾಸ್ತಿ ಸರ್." "ಆಮೇಲೆ?" ಆಮೇಲೆ ಏನೂ ಇಲ್ಲ. ಮಕ್ಕಳು ನಮ್ಮ ಮುಖ ನೋಡಿದರು, ನಾವು ಅವರ ಮುಖ ನೋಡಿದೆವು.

ಸ್ಟ್ರಾಬೆರಿಗೆ ಐದು ವೋಟು ಬಿದ್ದಿತ್ತು. "ಸ್ಟ್ರಾಬೆರಿ ಎಲ್ಲಿ ತಿಂದ್ರಿ?" ಅಂತ ಕೇಳಿದೆವು. ಐವರಲ್ಲಿ ಒಬ್ಬರೂ ತಿಂದಿರಲಿಲ್ಲ. "ಮತ್ತೆ ಯಾಕೆ ಬರೆದೆ?" "ಚಿತ್ರ ಚೆನ್ನಾಗಿತ್ತು ಸರ್." ಪೇರಲೆ, ಸೀತಾಫಲ, ಬಾಳೆಹಣ್ಣು ಆ ಹಾಳೆಯಲ್ಲಿ ಇರಲೇ ಇಲ್ಲ. ಅಂದರೆ ಮಕ್ಕಳು ಏನು ಉತ್ತರ ಕೊಡಬಹುದು ಅನ್ನೋದನ್ನು ಇಂಟರ್‌ನೆಟ್ಟಿನಿಂದ ಡೌನ್‌ಲೋಡ್ ಮಾಡಿದ ಒಂದು ಹಾಳೆ ಮೊದಲೇ ತೀರ್ಮಾನ ಮಾಡಿಬಿಟ್ಟಿತ್ತು.

ಮಕ್ಕಳನ್ನು ನೋಡಿ ನಗೋಕೆ ನಮಗೆ ಹಕ್ಕಿಲ್ಲ. ನಮ್ಮ ಲ್ಯಾಬಿನಲ್ಲಿ ಪೈಥಾನ್ ಶುರುವಾದಾಗ ಎಲ್ಲರೂ ಮೊದಲು ಲೋಡ್ ಮಾಡಿದ್ದು ಐರಿಸ್ ಡೇಟಾಸೆಟ್. ರೊನಾಲ್ಡ್ ಫಿಶರ್ 1936ರಲ್ಲಿ ತಮ್ಮ ಪ್ರಬಂಧದಲ್ಲಿ ಬಳಸಿದ ಅಳತೆಗಳು ಅವು, ಮೂರು ಜಾತಿಯ ಹೂವು, ಜಾತಿಗೆ 50ರಂತೆ ಒಟ್ಟು 150. ಅಳತೆ ತೆಗೆದದ್ದು ಎಡ್ಗರ್ ಆಂಡರ್‌ಸನ್ ಅನ್ನೋ ಸಸ್ಯಶಾಸ್ತ್ರಜ್ಞ. ನಾವು ಅದಕ್ಕೆ ಸ್ಕ್ಯಾಟರ್ ಪ್ಲಾಟ್ ಹಾಕಿದೆವು, ಅಕ್ಯುರೆಸಿ ತೆಗೆದೆವು, ಇಂಟರ್ನಲ್ಸ್‌ನಲ್ಲಿ ಮಾರ್ಕ್ಸೂ ಬಂತು. ನಮ್ಮ ಬ್ಯಾಚಿನಲ್ಲಿ ಒಬ್ಬರೂ ಐರಿಸ್ ಹೂವನ್ನು ಕಣ್ಣಾರೆ ಕಂಡಿಲ್ಲ. ಅದು ನಮ್ಮ ಸ್ಟ್ರಾಬೆರಿ.

ಆ ದಿನ ವಾಪಸ್ ಬರುವಾಗ ಆಟೋದಲ್ಲಿ ಶುರುವಾದ ಜಗಳ ಹಾಸ್ಟೆಲ್ ಮೆಸ್‌ವರೆಗೂ ನಡೆಯಿತು. ಒಬ್ಬರು 'ದತ್ತ' ಅಂದರೆ ಕೊಟ್ಟದ್ದು ಅಂತ ಹೇಳಿದರು. ಹುಡುಕಿ ನೋಡಿದರೆ ಡೇಟಾ ಅನ್ನೋ ಲ್ಯಾಟಿನ್ ಪದಕ್ಕೂ ಅದೇ ಅರ್ಥ, ಕೊಡಲ್ಪಟ್ಟದ್ದು. ನಮ್ಮ ತಕರಾರು ಇರೋದೇ ಅಲ್ಲಿ. ಡೇಟಾ ಯಾರೋ ಕೊಟ್ಟದ್ದಲ್ಲ. ಯಾರೋ ಒಬ್ಬರು ಕೇಳಿದ್ದಾರೆ, ಹೀಗೇ ಕೇಳಬೇಕು ಅಂತ ನಿರ್ಧಾರ ಮಾಡಿದ್ದಾರೆ, ಇಷ್ಟೇ ಆಯ್ಕೆ ಅಂತ ಗೆರೆ ಎಳೆದಿದ್ದಾರೆ. ಮಕ್ಕಳು ಮೊದಲು ಕಲಿಯಬೇಕಾದ್ದು ಆ ಭಾಗವನ್ನು. ಗ್ರಾಫ್ ಕೊನೆಗೆ ಬಂದರೂ ಸಾಕು.

ಎರಡನೇ ಶನಿವಾರ ವರ್ಕ್‌ಶೀಟ್ ಇಲ್ಲದೆ ಹೋದೆವು. ಪ್ರಶ್ನೆ ಒಂದೇ, "ಸ್ಕೂಲಿಗೆ ಹೇಗೆ ಬರ್ತೀರಾ?" ಐದು ನಿಮಿಷದ ಕೆಲಸ ಅಂದುಕೊಂಡಿದ್ದೆವು. ಮುಕ್ಕಾಲು ಗಂಟೆ ಹಿಡಿಯಿತು. ನಡೆದು ಬರೋರು, ಸೈಕಲ್, ಆಟೋ, ಬೈಕ್ ಅಂತ ನಾಲ್ಕು ಗುಂಪು ಮಾಡಿದ ಕೂಡಲೇ ಒಬ್ಬಳು ಎದ್ದಳು. "ಸರ್, ಬೆಳಿಗ್ಗೆ ಅಪ್ಪ ಬೈಕಲ್ಲಿ ಬಿಡ್ತಾರೆ, ಸಂಜೆ ನಡ್ಕೊಂಡು ಹೋಗ್ತೀನಿ. ನಾನು ಎಲ್ಲಿ ನಿಲ್ಲಲಿ?" ಇನ್ನೊಬ್ಬ, "ಅಣ್ಣನ ಸೈಕಲ್ ಹಿಂದೆ ಕೂತ್ಕೊಂಡು ಬಂದ್ರೆ ಅದು ಸೈಕಲ್ಲಾ?" ತೋಟದ ಮನೆಯಿಂದ ಬರೋ ಇಬ್ಬರು ರಸ್ತೆವರೆಗೆ ನಡೆದು, ಅಲ್ಲಿಂದ ಆಟೋ ಹತ್ತುತ್ತಾರೆ.

ನಾವು ಉತ್ತರ ಹೇಳಲಿಕ್ಕೆ ಬಾಯಿ ತೆಗೆದೆವು, ಮೇಡಂ ಕಣ್ಣಲ್ಲೇ ತಡೆದರು. ಮಕ್ಕಳೇ ಕಿತ್ತಾಡಿ ನಿಯಮ ಮಾಡಿದರು. ಬೆಳಿಗ್ಗೆದು ಮಾತ್ರ ಲೆಕ್ಕಕ್ಕೆ. ಜಾಸ್ತಿ ದೂರ ಯಾವುದರಲ್ಲಿ ಬರ್ತಾರೋ ಅದೇ ಗುಂಪು. ಸೈಕಲ್ ತುಳಿದರೂ ಸೈಕಲ್, ಹಿಂದೆ ಕೂತರೂ ಸೈಕಲ್. ನಮ್ಮ ಡೇಟಾಬೇಸ್ ಕ್ಲಾಸಿನಲ್ಲಿ ಒಂದು ಫೀಲ್ಡ್ ಅಂದರೆ ಏನು, ಅದರಲ್ಲಿ ಏನು ಬರಬಹುದು, ಏನು ಬರಬಾರದು ಅಂತ ಸ್ಲೈಡ್ ಮೇಲೆ ಸ್ಲೈಡ್ ಹಾಕಿ ಹೇಳೋದು ಇದನ್ನೇ. ಈ ಮಕ್ಕಳು ಜಗಳ ಆಡಿ ಅಲ್ಲಿಗೆ ತಲುಪಿದರು.

ಆಮೇಲೆ ಎಣಿಕೆ. ಎಲ್ಲರೂ ಒಂದೊಂದು ಚಪ್ಪಲಿ ತಂದು ಅವರವರ ಗುಂಪಿನ ಸಾಲಿನಲ್ಲಿ ಇಡಲಿ ಅಂದೆವು. ಜಗಲಿ ಮೇಲೆ ನಾಲ್ಕು ಸಾಲು ಬಂತು. "ಯಾವುದು ಜಾಸ್ತಿ?" "ಸೈಕಲ್ ಸರ್!" ನೋಡಿದರೆ ನಿಜವಾಗಿಯೂ ಸೈಕಲ್ ಸಾಲೇ ಉದ್ದ. ಎಣಿಸಿದರೆ ನಡೆಯೋರು 11, ಸೈಕಲ್ 10, ಆಟೋ 6, ಬೈಕ್ 4. ಒಟ್ಟು 31, ಸರಿಯಾಗಿದೆ. ಮತ್ತೆ 10 ಹೇಗೆ 11ಕ್ಕಿಂತ ಉದ್ದ? ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಳು ಸೈಕಲ್ ಸಾಲಿನಿಂದ ಒಂದು ದೊಡ್ಡ ಚಪ್ಪಲಿ ಎತ್ತಿ ಹಿಡಿದು, "ಇದು ಇವನ ಅಣ್ಣಂದು ಸರ್" ಅಂದಳು. ಆ ಸಾಲಿನವರು ಚಪ್ಪಲಿಗಳ ಮಧ್ಯೆ ಜಾಗವನ್ನೂ ಬಿಟ್ಟಿದ್ದರು.

ಪರಿಹಾರವನ್ನೂ ಅವರೇ ಕಂಡುಕೊಂಡರು. ಜಗಲಿಗೆ ಕಲ್ಲುಚಪ್ಪಡಿ ಬದಲು ಈಗ ಟೈಲ್ಸ್ ಹಾಕಿಸಿದ್ದಾರೆ. ಒಂದು ಟೈಲ್ಸಿಗೆ ಒಂದೇ ಚಪ್ಪಲಿ, ದೊಡ್ಡದಿರಲಿ ಚಿಕ್ಕದಿರಲಿ. ಈಗ ನಡೆಯೋರ ಸಾಲು ಒಂದು ಟೈಲ್ ಮುಂದೆ ಬಂತು. ಗ್ರಾಫ್ ಪೇಪರಿನಲ್ಲಿ ಚೌಕ ಯಾಕಿರುತ್ತೆ, ಸ್ಕೇಲ್ ಅಂತ ಮೂಲೆಯಲ್ಲಿ ಯಾಕೆ ಬರೀಬೇಕು ಅನ್ನೋದು ನಮಗೆ ಹತ್ತನೇ ಕ್ಲಾಸಿನವರೆಗೂ ಬರೀ ಒಂದು ಮಾರ್ಕಿನ ವಿಷಯ ಆಗಿತ್ತು. ಬರೆಯದಿದ್ದರೆ ಒಂದು ಮಾರ್ಕ್ ಕಟ್, ಅಷ್ಟೇ. ಟಿವಿಯಲ್ಲಿ ಎಲೆಕ್ಷನ್ ಟೈಮಲ್ಲಿ ಸೊನ್ನೆಯಿಂದ ಶುರುವಾಗದ ಬಾರ್ ಗ್ರಾಫ್ ತೋರಿಸಿ ಚಿಕ್ಕ ವ್ಯತ್ಯಾಸವನ್ನು ಬೆಟ್ಟದಷ್ಟು ಮಾಡೋದೂ ಇದೇ ಚಪ್ಪಲಿ ಆಟ. ಹತ್ತು ವರ್ಷಕ್ಕೆ ಅದನ್ನು ಹಿಡಿಯೋಕೆ ಬಂದರೆ ಇಪ್ಪತ್ತು ವರ್ಷಕ್ಕೆ ಮೋಸ ಹೋಗೋದು ಕಷ್ಟ.

ಬಾರ್ ಗ್ರಾಫ್ ಹುಟ್ಟಿದ್ದೂ ಪಾಠಕ್ಕಾಗಿ ಅಲ್ಲ. ವಿಲಿಯಂ ಪ್ಲೇಫೇರ್ ಅನ್ನೋ ಸ್ಕಾಟ್ಲೆಂಡಿನವರು 1786ರ ತಮ್ಮ ಪುಸ್ತಕದಲ್ಲಿ ದೇಶಗಳ ವ್ಯಾಪಾರವನ್ನು ವರ್ಷದಿಂದ ವರ್ಷಕ್ಕೆ ಗೆರೆಯಲ್ಲಿ ತೋರಿಸಿದ್ದರು. ಸ್ಕಾಟ್ಲೆಂಡಿಗೆ ಮಾತ್ರ ಹಾಗೆ ವರ್ಷಗಟ್ಟಲೆ ಅಂಕಿ ಅವರ ಹತ್ತಿರ ಇರಲಿಲ್ಲ, ಒಂದೇ ವರ್ಷದ್ದು ಇತ್ತು. ಹಾಗಾಗಿ ಗೆರೆ ಬಿಟ್ಟು ಪ್ರತಿ ದೇಶಕ್ಕೂ ಪಟ್ಟಿ ಎಳೆದರು. ಕೈಯಲ್ಲಿ ಎಂಥ ಡೇಟಾ ಇದೆ ಅಂತ ನೋಡಿಕೊಂಡು ಚಿತ್ರ ಮಾಡಿದ್ದು. ನಾವು ಶಾಲೆಯಲ್ಲಿ ಮಾಡೋದು ಉಲ್ಟಾ, ಚಿತ್ರದ ಹೆಸರು ಮೊದಲು, ಅದಕ್ಕೆ ಹೊಂದೋ ಡೇಟಾ ಆಮೇಲೆ.

ಇಷ್ಟರವರೆಗೆ ಎಲ್ಲಾ ಚೆನ್ನಾಗಿತ್ತು. ಮೂರನೇ ಶನಿವಾರ ನಾವು ದೊಡ್ಡ ತಪ್ಪು ಮಾಡಿದೆವು.

ಸರ್ಕಾರಿ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡುತ್ತಾರೆ, ಮೊಟ್ಟೆ ಬೇಡ ಅನ್ನೋರಿಗೆ ಬಾಳೆಹಣ್ಣು. ಮಕ್ಕಳಿಗೆ ಹತ್ತಿರದ ವಿಷಯ, ನಿಜವಾದ ಡೇಟಾ, ಸ್ಟ್ರಾಬೆರಿ ಅಲ್ಲ ಅಂತ ನಾವು ಹುಮ್ಮಸ್ಸಿನಲ್ಲಿ ಕೇಳಿದೆವು, "ಮೊಟ್ಟೆ ತಿನ್ನೋರು ಕೈ ಎತ್ತಿ!" ಒಂದಷ್ಟು ಕೈ ಮೇಲೆ ಬಂತು. ಒಂದಷ್ಟು ಕೈ ಅರ್ಧಕ್ಕೆ ಬಂದು, ಪಕ್ಕದವರನ್ನು ನೋಡಿ ಕೆಳಗಿಳಿಯಿತು. "ಬಾಳೆಹಣ್ಣು?" ಮತ್ತೊಂದಷ್ಟು. ಕೂಡಿಸಿದರೆ ಮೂವತ್ತೊಂದು ಆಗಲಿಲ್ಲ. ನಾಲ್ಕು ಮಕ್ಕಳು ಯಾವುದಕ್ಕೂ ಎತ್ತಿರಲಿಲ್ಲ. ನಾವು ಅಷ್ಟಕ್ಕೂ ಬಿಡಲಿಲ್ಲ. "ಯಾರು ಎತ್ತಿಲ್ಲ, ಎದ್ದು ನಿಲ್ಲಿ" ಅಂದೆವು. ಒಬ್ಬ ಹುಡುಗ ಎದ್ದು ನಿಂತು ತಲೆ ಬಗ್ಗಿಸಿದ. ಹಿಂದಿನಿಂದ ಯಾರೋ ಅವನ ಮನೆಯ ಬಗ್ಗೆ ಏನೋ ಅಂದರು. ಕೆಲವರು ನಕ್ಕರು.

ಮೇಡಂ ಬಂದು, "ಸಾಕು, ಎಲ್ಲಾ ಗ್ರೌಂಡಿಗೆ ಹೋಗಿ ಆಡ್ಕೊಳ್ರಿ" ಅಂತ ಮಕ್ಕಳನ್ನು ಕಳಿಸಿದರು. ನಮ್ಮನ್ನು ಬೈಯಲಿಲ್ಲ. "ಮನೇಲಿ ತಿನ್ನಲ್ಲ, ಇಲ್ಲಿ ತಿಂತಾರೆ, ಮನೆಗೆ ಗೊತ್ತಾಗಬಾರದು ಅಂತ ಇರೋರು ಇದಾರೆ. ಮನೇಲಿ ತಿಂತಾರೆ, ಇಲ್ಲಿ ಹೇಳ್ಕೊಳ್ಳಕ್ಕೆ ಹಿಂಜರಿಯೋರು ಇದಾರೆ. ಯಾರು ಏನು ತಿಂತಾರೆ ಅಂತ ಬೋರ್ಡ್ ಮೇಲೆ ಬರೆದ್ರೆ ಅದು ಊಟದ ಲೆಕ್ಕ ಆಗಲ್ಲಪ್ಪ, ಯಾರ ಮನೆ ಯಾವ್ದು ಅನ್ನೋ ಲೆಕ್ಕ ಆಗುತ್ತೆ. ನಾನು ಬಡಿಸೋವಾಗ ಸುಮ್ನೆ ಎರಡನ್ನೂ ಇಟ್ಟಿರ್ತೀನಿ, ಬೇಕಾದ್ದು ತಗೊಂಡು ಹೋಗ್ತಾರೆ" ಅಂದರು.

ಆಟೋದಲ್ಲಿ ಆ ದಿನ ಯಾರೂ ಜಾಸ್ತಿ ಮಾತಾಡಲಿಲ್ಲ. ಆ ಹುಡುಗ ತಲೆ ಬಗ್ಗಿಸಿ ನಿಂತದ್ದು ನಮ್ಮಿಂದ. ಮುಂದಿನ ವಾರ ಅವನು ಮಾಮೂಲಿಯಾಗಿಯೇ ಇದ್ದ, ಚಪ್ಪಲಿ ಆಟ ಮತ್ತೆ ಆಡಿಸಿ ಅಂತ ಕೇಳಿದ. ಅದರಿಂದ ನಮಗೆ ಸಮಾಧಾನ ಆಯಿತು ಅಂತ ಹೇಳೋಕಾಗಲ್ಲ. ಡೇಟಾ ಪ್ರೈವಸಿ ಅಂದರೆ ಆ್ಯಪ್ ಇನ್‌ಸ್ಟಾಲ್ ಮಾಡುವಾಗ ಓದದೇ ಒತ್ತೋ 'ಅಗ್ರೀ' ಬಟನ್ ಅಂದುಕೊಂಡಿದ್ದವರು ನಾವು. ಅದು ಒಂದು ಕ್ಲಾಸ್‌ರೂಮಿನಲ್ಲಿ, ಒಂದು ಎತ್ತಿದ ಕೈಯಲ್ಲಿ ಇರುತ್ತೆ ಅಂತ ಆ ದಿನ ಗೊತ್ತಾಯಿತು. ಯಾವ ಪ್ರಶ್ನೆ ಕೇಳಬಾರದು ಅನ್ನೋದೂ ಈ ಪಾಠದ ಭಾಗ. ಮೊಟ್ಟೆ ಪ್ರಶ್ನೆಯನ್ನು ನಾವು ಮತ್ತೆ ಯಾವ ರೀತಿಯಲ್ಲೂ ಕೇಳಲಿಲ್ಲ.

ಇನ್ನೊಂದು ಅನುಮಾನವೂ ಅಲ್ಲಿಂದಲೇ ಹುಟ್ಟಿತು. ಕೈ ಎತ್ತಿಸಿದರೆ ಬೇರೆ ಪ್ರಶ್ನೆಗಳಿಗಾದರೂ ಸರಿಯಾದ ಉತ್ತರ ಬರುತ್ತಾ? ಮೇಡಂ ಆ ವಾರ ಭಿನ್ನರಾಶಿ ಮುಗಿಸಿದ್ದರು. "ಅರ್ಥ ಆಯ್ತಾ?" ಅಂತ ಕೇಳಿದರೆ ಎಲ್ಲಾ ಕೈ ಮೇಲೆ. ನಾವು ಕಾಲೇಜಿನಲ್ಲಿ ಮಾಡೋದೂ ಅದೇ ತಾನೇ? "ಎನಿ ಡೌಟ್ಸ್?" ಅಂದರೆ ಅರವತ್ತು ಜನ ಮೌನ.

ನಾಲ್ಕನೇ ಶನಿವಾರ ಬೀಜದ ವೋಟಿಂಗ್ ಮಾಡಿದೆವು. ಆ ದಿನ 29 ಮಕ್ಕಳು ಬಂದಿದ್ದರು. ಪ್ರತಿಯೊಬ್ಬರಿಗೂ ಒಂದು ಹುಣಸೆ ಬೀಜ, ಒಂದು ಶೇಂಗಾ ಕಾಳು. ಭಿನ್ನರಾಶಿ ಅರ್ಥ ಆಗಿದ್ದರೆ ಹುಣಸೆ ಬೀಜ, ಆಗಿಲ್ಲದಿದ್ದರೆ ಶೇಂಗಾ. ಮುಷ್ಟಿ ಮುಚ್ಚಿಕೊಂಡು ಬಂದು ವೋಟನ್ನು ಸ್ಟೀಲ್ ಡಬ್ಬಿಗೆ, ಉಳಿದದ್ದನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಬೇಕು. ಯಾರು ಏನು ಹಾಕಿದರು ಅಂತ ನಮಗೂ ಕಾಣಬಾರದು, ಮೇಡಂಗೂ ಕಾಣಬಾರದು.

ಸ್ಟೀಲ್ ಡಬ್ಬಿ ಸುರಿದರೆ ಹುಣಸೆ ಬೀಜ 16, ಶೇಂಗಾ 12. ಒಟ್ಟು 28. ಒಂದು ವೋಟು ಕಾಣೆ! ಕ್ಲಾಸಿನಲ್ಲಿ ಗದ್ದಲವೋ ಗದ್ದಲ. ಶೇಂಗಾ ಯಾರೋ ತಿಂದಿದ್ದಾರೆ ಅನ್ನೋದು ಎಲ್ಲರಿಗೂ ಖಾತ್ರಿ. ಆದರೆ ತಿಂದದ್ದು ವೋಟಿನ ಶೇಂಗಾನೋ, ಉಳಿದ ಶೇಂಗಾನೋ? ಮೂರನೇ ಸಾಲಿನ ಹುಡುಗಿ ಒಬ್ಬಳು, ಆರು ವಾರದಲ್ಲಿ ಅವಳು ಮಾತಾಡಿದ್ದು ಕಡಿಮೆ, "ಆ ಡಬ್ಬಿನೂ ಸುರೀರಿ" ಅಂದಳು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಹುಣಸೆ ಬೀಜ 13, ಶೇಂಗಾ 16. ಅವಳು ಬೆರಳು ಮಡಿಸಿ ಲೆಕ್ಕ ಹಾಕಿದಳು. ಹುಣಸೆ ಬೀಜ ಯಾರೂ ತಿನ್ನಲ್ಲ, 29 ಇವೆ. ಅದನ್ನು ಬೇಡ ಅಂತ ಪ್ಲಾಸ್ಟಿಕ್ ಡಬ್ಬಿಗೆ ಹಾಕಿದವರು 13 ಜನ. ಅಂದರೆ ಶೇಂಗಾ ವೋಟು 13 ಇರಬೇಕಿತ್ತು, ಇರೋದು 12. "ತಿಂದೋರಿಗೂ ಅರ್ಥ ಆಗಿಲ್ಲ ಸರ್" ಅಂದಳು.

ಮಿಸ್ಸಿಂಗ್ ವ್ಯಾಲ್ಯೂ ಬಂದರೆ ಆ ಸಾಲನ್ನೇ ಡಿಲೀಟ್ ಮಾಡೋದು ನಮ್ಮ ಅಭ್ಯಾಸ, ಒಂದು ಲೈನ್ ಕೋಡ್ ಸಾಕು. ಅದು ಎಲ್ಲಿ ಹೋಯಿತು, ಯಾಕೆ ಹೋಯಿತು ಅಂತ ಯೋಚಿಸೋದು ಆ ಹುಡುಗಿಗೆ ಬಂತು, ನಮಗೆ ಬಂದಿರಲಿಲ್ಲ. ಯಾರು ತಿಂದರು ಅಂತ ನಾವು ಕೇಳಲಿಲ್ಲ. ಹಿಂದಿನ ವಾರ ಕಲಿತ ಪಾಠ ಅದು. ಮೇಡಂ ಮಾತ್ರ 13 ಅನ್ನೋ ಅಂಕಿಯನ್ನು ಸ್ವಲ್ಪ ಹೊತ್ತು ನೋಡಿದರು. ಮುಂದಿನ ವಾರ ಭಿನ್ನರಾಶಿಯನ್ನು ರೊಟ್ಟಿ ಹರಿದು ಮತ್ತೆ ಮೊದಲಿಂದ ಮಾಡಿಸಿದ್ದಾರೆ ಅಂತ ಮಕ್ಕಳೇ ಹೇಳಿದರು. ಒಂದು ಎಣಿಕೆಯಿಂದ ಕ್ಲಾಸಿನಲ್ಲಿ ಏನಾದರೂ ಬದಲಾಗಬೇಕು. ಬದಲಾಗದಿದ್ದರೆ ಮಕ್ಕಳಿಗೆ ಅದು ಇನ್ನೊಂದು ಹೋಂವರ್ಕ್ ಅಷ್ಟೇ.

ಕೊನೆಯ ಎರಡು ಶನಿವಾರ ಹಾಜರಾತಿಗೆ ಹೋಯಿತು. ಮಕ್ಕಳು ನಾಲ್ಕು ವಾರದಿಂದ ದಿನಾ ಎಷ್ಟು ಜನ ಬಂದಿಲ್ಲ ಅಂತ ಗೀಟು ಹಾಕಿಟ್ಟಿದ್ದರು. ಹೆಸರು ಬೇಡ, ಬರೀ ಸಂಖ್ಯೆ. ವಾರದ ದಿನದ ಪ್ರಕಾರ ಕೂಡಿಸಿದಾಗ ಸೋಮವಾರ 6, ಮಂಗಳವಾರ 4, ಬುಧವಾರ 5, ಗುರುವಾರ 17, ಶುಕ್ರವಾರ 5, ಶನಿವಾರ 9. ಗುರುವಾರ ಎದ್ದು ಕಾಣುತ್ತಿತ್ತು. ನಾವು ಬುದ್ಧಿವಂತರಲ್ವಾ, ತಕ್ಷಣ ಹೇಳಿದೆವು, "ಗುರುವಾರ ಗಣಿತ ಟೆಸ್ಟ್ ಇರುತ್ತೆ, ಅದಕ್ಕೇ ತಪ್ಪಿಸ್ಕೊಳ್ತೀರಾ." ಮಕ್ಕಳು ಒಪ್ಪಲಿಲ್ಲ. "ಇಲ್ಲ ಸರ್, ಗುರುವಾರ ಸಂತೆ." ಅವ್ವ ಸಂತೆಗೆ ಹೋದರೆ ತಮ್ಮನನ್ನು ನೋಡಿಕೊಳ್ಳಬೇಕು, ಇಲ್ಲಾ ಸಂತೆಯಲ್ಲಿ ಸೊಪ್ಪಿನ ಗಂಟಿನ ಮುಂದೆ ಕೂರಬೇಕು.

ಯಾರು ಸರಿ? ಗ್ರಾಫ್ ಅದನ್ನು ಹೇಳಲ್ಲ. ಗುರುವಾರ ಜಾಸ್ತಿ ಅನ್ನೋದಷ್ಟೇ ಅದರಲ್ಲಿ ಇದೆ, ಯಾಕೆ ಅನ್ನೋದು ಇಲ್ಲ. ಮೇಡಂ ಒಂದು ಸುಳಿವು ಕೊಟ್ಟರು, "ಗುರುವಾರ ಟೆಸ್ಟ್ ಇಲ್ಲದ ಕ್ಲಾಸ್ ಯಾವ್ದಾದ್ರೂ ಇದ್ಯಾ?" ನಾಲ್ಕನೇ ಕ್ಲಾಸ್ ಇತ್ತು. ಇಬ್ಬರು ಓಡಿ ಹೋಗಿ ಅಲ್ಲಿನ ಮೇಷ್ಟ್ರ ಹತ್ತಿರ ಅದೇ ನಾಲ್ಕು ವಾರದ ಸಂಖ್ಯೆ ಬರೆಸಿಕೊಂಡು ಬಂದರು. ಅಲ್ಲೂ ಗುರುವಾರ 12, ಉಳಿದ ದಿನ ಯಾವುದೂ 6 ದಾಟಿರಲಿಲ್ಲ. ಟೆಸ್ಟೇ ಇಲ್ಲದ ಕ್ಲಾಸಿನಲ್ಲೂ ಗುರುವಾರ ಮಕ್ಕಳು ಕಡಿಮೆ ಅಂದರೆ ಸಂತೆಯ ಮಾತಿಗೇ ಬಲ ಜಾಸ್ತಿ. ನಾವು ಸೋತೆವು, ಮಕ್ಕಳು ಬೆಂಚು ಕುಟ್ಟಿ ಸಂಭ್ರಮಿಸಿದರು. ಗಣಿತ ಟೆಸ್ಟ್ ಶುಕ್ರವಾರಕ್ಕೆ ಹೋಯಿತು. ಸಂತೆ ನಿಲ್ಲಲ್ಲ, ತಮ್ಮನನ್ನು ನೋಡಿಕೊಳ್ಳೋದೂ ನಿಲ್ಲಲ್ಲ. ಆದರೆ ಸಂತೆಗೆ ಹೋದದ್ದಕ್ಕೆ ಟೆಸ್ಟ್ ತಪ್ಪೋದಾದರೂ ನಿಂತಿತು.

ಇಲ್ಲಿ ನಮಗೆ ಹೊಳೆದದ್ದು ಒಂದಿದೆ. ಒಂದು ಸರ್ಕಾರಿ ಶಾಲೆಯಲ್ಲಿ ಡೇಟಾಗೆ ಏನೂ ಬರ ಇಲ್ಲ. ಹಾಜರಿ ಪುಸ್ತಕ, ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಸ್ಯಾಟ್ಸ್‌ಗೆ ಮಕ್ಕಳ ವಿವರ, ಯುಡೈಸ್‌ಗೆ ಶಾಲೆಯ ವಿವರ. ಎಲ್ಲಾ ಮಕ್ಕಳ ಬಗ್ಗೆಯೇ, ಆದರೆ ಎಲ್ಲಾ ಮೇಲಕ್ಕೆ ಹೋಗುತ್ತೆ, ಮಕ್ಕಳ ಕಣ್ಣಿಗೆ ಬೀಳಲ್ಲ. ಮೇಲೆ ಹೋಗಲಿ, ಬೇಕೇ ಬೇಕು. ಅದರಲ್ಲಿ ಹೆಸರಿಲ್ಲದ ಒಂದು ಸಾಲು ಸಂಖ್ಯೆ ಕ್ಲಾಸಿನ ಗೋಡೆ ಮೇಲೂ ಇರಲಿ ಅನ್ನೋದು ನಮ್ಮ ಮಾತು. ಆ ಗುರುವಾರದ 17 ಹಾಜರಿ ಪುಸ್ತಕದಲ್ಲಿ ಮೊದಲಿಂದಲೂ ಇತ್ತು. ಅದನ್ನು ಓದಿ ಅರ್ಥ ಹೇಳೋರು ಮಾತ್ರ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದರು.

ಇದಕ್ಕೆ ಟೈಮ್ ಎಲ್ಲಿದೆ ಅಂತ ಕೇಳಬಹುದು. ಮೇಡಂ ಕೂಡ ಕೇಳಿದರು, ನ್ಯಾಯವಾದ ಪ್ರಶ್ನೆ. ಸಿಲಬಸ್ ಮುಗಿಸಬೇಕು, ಪಕ್ಕದ ಕ್ಲಾಸಿನ ಮೇಷ್ಟ್ರು ರಜೆ ಹಾಕಿದರೆ ಎರಡು ಕ್ಲಾಸ್ ಒಟ್ಟಿಗೆ ನೋಡಬೇಕು. ವಾರಕ್ಕೊಂದು ದಿನ ಬಂದು ಹೋಗೋ ನಾವು ಅವರಿಗೆ ಉಪದೇಶ ಮಾಡೋದು ಸುಲಭ. ಆದರೂ ಹಾಜರಿ ಕರೆದ ಮೇಲೆ ಒಂದು ಗೀಟು ಹಾಕೋದಕ್ಕೆ ಒಂದು ನಿಮಿಷ ಸಾಕು, ಅದನ್ನು ಮಕ್ಕಳೇ ಹಾಕ್ತಾರೆ. ತಿಂಗಳಿಗೆ ಒಂದು ಪೀರಿಯಡ್ ಅದರ ಬಗ್ಗೆ ಮಾತಾಡೋಕೆ ಸಿಕ್ಕರೆ ಪಠ್ಯದ ಆ ಅಧ್ಯಾಯ ಬೇರೆ ಮಾಡೋದೇ ಬೇಡ, ತಾನಾಗಿ ಮುಗಿದಿರುತ್ತೆ.

ನಮ್ಮೊಳಗೇ ಇನ್ನೊಂದು ವಾದ ಇತ್ತು. ಟ್ಯಾಬ್ ತಗೊಂಡು ಹೋಗೋಣ, ಎಕ್ಸೆಲ್‌ನಲ್ಲಿ ಒಂದು ಕ್ಲಿಕ್ಕಿಗೆ ಗ್ರಾಫ್ ಬರುತ್ತೆ, ಮಕ್ಕಳು ಖುಷಿ ಪಡ್ತಾರೆ ಅಂತ. ಖುಷಿ ಪಡ್ತಾರೆ, ನಿಜ. ಆದರೆ ಚಪ್ಪಲಿಯನ್ನು ಟೈಲ್ಸಿನೊಳಗೆ ಇಡೋ ಯೋಚನೆಯನ್ನು ಎಕ್ಸೆಲ್ ಯಾರಿಗೂ ಬರಗೊಡಲ್ಲ, ಅದು ಮೊದಲೇ ಚೌಕ ಹಾಕಿಕೊಟ್ಟಿರುತ್ತೆ. ಕ್ಲಿಕ್ ಮಾಡೋದು ಎಂಟನೇ ಕ್ಲಾಸಿನಲ್ಲಿ ಕಲಿತರೂ ನಡೆಯುತ್ತೆ.

ಮಕ್ಕಳಿಗೆ ಎಣಿಕೆ ಬರಲ್ಲ ಅಂತಲೂ ಯಾರೂ ಅಂದುಕೊಳ್ಳಬೇಡಿ. ನಾವು ಐದಕ್ಕೊಂದು ಅಡ್ಡಗೀಟು ಹಾಕೋದನ್ನು ಹೇಳಿಕೊಡಲು ಹೋದಾಗ ಒಬ್ಬ, "ಗೊತ್ತು ಸರ್, ನಮ್ಮ ಮಾವ ಎಪಿಎಂಸಿಲಿ ಚೀಲ ಇಳಿಸೋವಾಗ ಗೋಡೆ ಮೇಲೆ ಹಂಗೇ ಹಾಕ್ತಾರೆ" ಅಂದ. ಇನ್ನೊಬ್ಬ ಎಣಿಸುವಾಗ "ಲಾಭ, ಎರಡು, ಮೂರು" ಅಂತ ಶುರು ಮಾಡಿದ. ನಮ್ಮಲ್ಲಿ ಅರ್ಧ ಜನಕ್ಕೆ ಅರ್ಥ ಆಗಲಿಲ್ಲ. ಕಣದಲ್ಲಿ ರಾಶಿ ಅಳೆಯುವಾಗ 'ಒಂದು' ಅನ್ನದೆ 'ಲಾಭ' ಅನ್ನೋ ರೂಢಿ ಅಂತೆ. ಹಾಲಿನವರ ಲೆಕ್ಕ ಕ್ಯಾಲೆಂಡರ್ ಮೇಲೆ ಬರೆಯೋದು ಇವರ ಮನೆಗಳಲ್ಲಿ ಮಕ್ಕಳ ಕೆಲಸವೇ. ಅವರಿಗೆ ಗೊತ್ತಿರೋ ಈ ಲೆಕ್ಕಕ್ಕೂ ಪುಸ್ತಕದ 'ದತ್ತಾಂಶ'ಕ್ಕೂ ಸಂಬಂಧ ಇದೆ ಅಂತ ಯಾರೋ ಒಬ್ಬರು ಹೇಳಬೇಕು, ಅಷ್ಟೇ ಬಾಕಿ.

ಹರಪನಹಳ್ಳಿ ದಾಟಿ ಹೋದರೆ ಹೂವಿನಹಡಗಲಿ ಸಿಗುತ್ತೆ, ಮಲ್ಲಿಗೆಗೆ ಹೆಸರಾದ ಊರು. 1920ರ ಸೆಪ್ಟೆಂಬರ್ 10ರಂದು ಸಿ. ಆರ್. ರಾವ್ ಹುಟ್ಟಿದ್ದು ಅಲ್ಲಿ. ಮನೆಮಾತು ತೆಲುಗು, ಓದಿದ್ದು ಆಂಧ್ರದ ಕಡೆ, ಹಾಗಾಗಿ ನಮ್ಮೋರು ಅಂತ ಎದೆ ತಟ್ಟಿಕೊಳ್ಳೋಕೆ ಹೇಳುತ್ತಿಲ್ಲ. ಸ್ಟಾಟಿಸ್ಟಿಕ್ಸ್ ಪುಸ್ತಕದಲ್ಲಿ ಬರೋ ಕ್ರಾಮರ್-ರಾವ್ ಬೌಂಡ್‌ನಲ್ಲಿ ಇರೋ ರಾವ್ ಇವರೇ, ಆ ಪ್ರಬಂಧ ಬಂದದ್ದು 1945ರಲ್ಲಿ. ಆಮೇಲೆ ಕೇಂಬ್ರಿಡ್ಜಿನಲ್ಲಿ ಪಿಎಚ್‌ಡಿ ಮಾಡಿದ್ದು ನಮ್ಮ ಐರಿಸ್ ಡೇಟಾದ ಅದೇ ಫಿಶರ್ ಅವರ ಹತ್ತಿರ. 2023ರಲ್ಲಿ 102 ವರ್ಷ ಬದುಕಿ ತೀರಿಕೊಂಡರು. ನಮ್ಮ ಊರುಗಳ ನಕ್ಷೆಯಲ್ಲೇ ಇಂಥದ್ದೊಂದು ಹೆಸರಿದೆ ಅಂತ ಇಂಜಿನಿಯರಿಂಗ್ ಎರಡನೇ ವರ್ಷದವರೆಗೆ ನಮಗೆ ಯಾರೂ ಹೇಳಿರಲಿಲ್ಲ. ಕೊನೆಯ ಶನಿವಾರ ಆ ಮಕ್ಕಳಿಗೆ ನಾವು ಹೇಳಿದೆವು. "ಹಡಗಲಿಗೆ ನಮ್ಮ ಅತ್ತೆನ ಕೊಟ್ಟಿದಾರೆ ಸರ್" ಅಂತ ಒಬ್ಬಳು ಅಂದಳು.

ಮುಂದಿನ ಸೆಮಿಸ್ಟರ್‌ನಲ್ಲಿ ಶಾಲೆಗೆ ಹೋಗೋ ಜೂನಿಯರ್ಸ್‌ಗೆ ಮತ್ತು ನಮಗೇ ನಾವು ಹೇಳಿಕೊಳ್ಳೋದು ಇಷ್ಟು. ಪ್ರಿಂಟೌಟ್‌ಗೆ ದುಡ್ಡು ಹಾಕಬೇಡಿ, ಬೀಜ, ಕಲ್ಲು, ಖಾಲಿ ಬೆಂಕಿಪೊಟ್ಟಣ ಸಾಕು. ಗುಂಪು ಯಾವುದು ಅಂತ ಮಕ್ಕಳು ಜಗಳ ಆಡಲಿ, ಮಧ್ಯೆ ಬಾಯಿ ಹಾಕಬೇಡಿ. ಮನೆ, ಊಟ, ಜಾತಿ, ದುಡ್ಡು, ಅಪ್ಪ-ಅವ್ವನ ಕೆಲಸ, ಇವುಗಳನ್ನು ಹೊರಗೆ ಹಾಕೋ ಪ್ರಶ್ನೆ ಕೇಳಬೇಡಿ. ಕೈ ಎತ್ತಿಸಬೇಡಿ. ಎಣಿಸಿದ ಮೇಲೆ "ಯಾವುದು ಜಾಸ್ತಿ" ಅಂತ ಕೇಳಿ ನಿಲ್ಲಿಸದೆ, "ಯಾಕಿರಬಹುದು, ಹೇಗೆ ನೋಡೋದು, ಏನು ಮಾಡೋಣ" ಅಂತ ಮೂರು ಪ್ರಶ್ನೆ ಜಾಸ್ತಿ ಕೇಳಿ. ಉತ್ತರ ನಿಮಗಿಂತ ಚೆನ್ನಾಗಿ ಅವರಿಗೆ ಗೊತ್ತಿರುತ್ತೆ.

ಶೇಂಗಾ ಮಾತ್ರ ಸ್ವಲ್ಪ ಜಾಸ್ತಿ ತಗೊಂಡು ಹೋಗಿ. ವೋಟಿಗೆ ಬೇರೆ, ತಿನ್ನೋಕೆ ಬೇರೆ.